ಚೀನಾದ ಮುಖಶಾಸ್ತ್ರವೂ ನನ್ನ ಪೆನ್ಸಿಲ್ಲೂ

ನಾನು ಡಾಕ್ಟರಲ್ಲ. ಆದರೂ ಹಾಸನದ ಸುತ್ತಮುತ್ತಲಿನ ಅದೆಷ್ಟೋ ಜನರ ಮುಖದ ಮಚ್ಚೆಗಳನ್ನು ಒಂದಿಷ್ಟೂ ನೋವಾಗದಂತೆ ತೆಗೆದಿದ್ದೇನೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಕಂಪ್ಯೂಟರಿನ ಕೈಚಳಕ ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ನವಿರಾಗಿ ಗೀಚಿದರೆ ಮಚ್ಚೆ, ಮೊಡವೆ, ಕಪ್ಪು ಕಲೆ ಎಲ್ಲ ಮಾಯ. ಪ್ರಿಂಟಿನ ಮೇಲೆ ಕುಂಚ ಆಡಿಸಿದರೆ ಬೋಳು ತಲೆಯಲ್ಲೂ ಕೂದಲು ಹುಟ್ಟುತ್ತಿತ್ತು. ಮದುವೆಗೆ ತೋರಿಸುವ ಫೋಟೋಗಳಲ್ಲಿ ನನಗೆ ಒಳ್ಳೆಯ ಹೆಸರು. ಬ್ರಹ್ಮ ಅವಸರದಲ್ಲಿ ಮಾಡಿದ್ದನ್ನು ನಾನು ನಿಧಾನವಾಗಿ ಕೂತು ತಿದ್ದುತ್ತಿದ್ದೇನೆ ಎಂಬ ಸಣ್ಣ ಜಂಬವೂ ಇತ್ತೆಂದು ಈಗ ಒಪ್ಪಿಕೊಂಡರೆ ನಷ್ಟವೇನಿಲ್ಲ.

ಆ ಜಂಬಕ್ಕೆ ಪೆಟ್ಟು ಬಿದ್ದದ್ದು ಚೀನಾ ದೇಶದಿಂದ. ತಂದವರು ಅನಂತಯ್ಯ ಮೇಷ್ಟ್ರು. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾಗಿ ಹಾಸನಕ್ಕೆ ಬಂದಿದ್ದ ಅವರು ದಿನಾ ಬೆಳಿಗ್ಗೆ ನನ್ನ ಬೆಂಚಿನ ಮೇಲೆ ಕೂತು ಪುಕ್ಕಟೆ ಪೇಪರ್ ಓದುತ್ತಿದ್ದರು. ಒಮ್ಮೆ ಚನ್ನರಾಯಪಟ್ಟಣದ ಮಗಳ ಮನೆಗೆ ಹೋದವರು ಅಲ್ಲಿ ಯಾರೋ ಹಳೇ ಪೇಪರಿಗೆ ಹಾಕಲಿದ್ದ ಇಂಗ್ಲಿಷ್ ಪುಸ್ತಕವೊಂದನ್ನು ಎತ್ತಿಕೊಂಡು ಬಂದರು. ಚೀನಾದವರು ಮುಖ, ಮೈಕಟ್ಟು, ನಡಿಗೆ ನೋಡಿ ಮನುಷ್ಯನನ್ನು ಅಳೆಯುವ ವಿದ್ಯೆ ಅದರಲ್ಲಿತ್ತು. ಹಣೆ ಎಂದರೆ ಎಳೆಯ ಪ್ರಾಯ, ಹುಬ್ಬಿನಿಂದ ಮೂಗಿನ ತುದಿಯವರೆಗೆ ನಡುವಯಸ್ಸು, ಅಲ್ಲಿಂದ ಗದ್ದದವರೆಗೆ ಮುಪ್ಪು. ನಮ್ಮ ಸಾಮುದ್ರಿಕ ಶಾಸ್ತ್ರದವರೂ ಇಂಥದ್ದನ್ನೇ ಹೇಳುತ್ತಾರಲ್ಲ ಎಂದರೆ ಮೇಷ್ಟ್ರು ಒಪ್ಪಲಿಲ್ಲ. ನೇತಾಡುವ ಕಿವಿಹಾಲೆ ದೊಡ್ಡ ಪುಣ್ಯವಂತರ ಗುರುತೆಂದು ಪುಸ್ತಕದಲ್ಲಿದೆ ಅಂದವರೇ ಶ್ರವಣಬೆಳಗೊಳಕ್ಕೆ ಬಸ್ ಹತ್ತಿ, ಗೊಮ್ಮಟನ ಕಿವಿ ನೋಡಿಕೊಂಡು ಬಂದು, "ಸರಿಯಾಗಿದೆ ಕಣಯ್ಯ" ಎಂದು ಚೀನಾಕ್ಕೆ ಸರ್ಟಿಫಿಕೇಟು ಕೊಟ್ಟರು.

ನನ್ನನ್ನೂ ಬಿಡಲಿಲ್ಲ. "ಗದ್ದ ಚಿಕ್ಕದು ನಿಂದು. ವಯಸ್ಸಾದ ಮೇಲೆ ಮನೇಲಿ ನಿನ್ನ ಮಾತು ನಡೆಯಲ್ಲ" ಎಂದರು. ಈಗಲೇ ನಡೆಯುತ್ತಿಲ್ಲವಲ್ಲ ಎಂಬುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಆ ವಾರದಿಂದಲೇ ಗದ್ದ ಮುಚ್ಚುವಂತೆ ಗಡ್ಡ ಬಿಟ್ಟೆ.

ಹೀಗಿರುವಾಗ ಸಾಲಗಾಮೆಯಿಂದ ಗೌರಮ್ಮ ಎಂಬಾಕೆ ಮಗಳು ರತ್ನಳನ್ನು ಕರೆದುಕೊಂಡು ಫೋಟೋ ತೆಗೆಸಲು ಬಂದರು. ಹುಡುಗಿ ಲಕ್ಷಣವಾಗಿದ್ದಳು. ತುಟಿಯ ಕೆಳಗೆ, ಬಲಕ್ಕೆ, ಮೆಣಸಿನ ಕಾಳಿನಷ್ಟು ದಪ್ಪದ ಮಚ್ಚೆ.

"ಅದೊಂದ ತಗದ್ಬುಡಿ ಸಾ. ಅರಕಲಗೂಡು ಕಡೆ ಗಂಡು, ಒಳ್ಳೆ ಮನೆತನ. ಮಚ್ಚೆ ನೋಡಿ ಬ್ಯಾಡ ಅಂದ್ಬುಟ್ರೆ?" ಎಂದರು ಗೌರಮ್ಮ.

ಮೇಷ್ಟ್ರು ಪೇಪರ್ ಮಡಚಿ ಎದ್ದೇಬಿಟ್ಟರು. "ತೆಗೀಬೇಡಮ್ಮ! ಬಾಯಿ ಹತ್ರದ ಮಚ್ಚೆ ಅನ್ನದ ಮಚ್ಚೆ ಅಂತ ಚೀನಾದೋರು ಬರೆದಿದ್ದಾರೆ. ಈ ಹುಡುಗಿ ಇರೋ ಮನೇಲಿ ಊಟಕ್ಕೆ ಕೊರತೆಯೇ ಇರಲ್ಲ."

"ನಮ್ಮ ಬೀಗ್ರು ಚೀನಾದೋರಲ್ಲ ಸ್ವಾಮಿ" ಎಂದರು ಗೌರಮ್ಮ.

ರತ್ನ ಮೆಲ್ಲಗೆ, "ಇರ್ಲಿ ಬುಡವ್ವ" ಎಂದಳು. ಅವ್ವ ಬಿಡಲಿಲ್ಲ. ನಾನು ಪೆನ್ಸಿಲ್ ಚೂಪು ಮಾಡಿ, ಹುಡುಗಿಯ ಅನ್ನದ ಮಚ್ಚೆಯನ್ನು ಹತ್ತು ನಿಮಿಷದಲ್ಲಿ ಅಳಿಸಿದೆ. ಮೇಷ್ಟ್ರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಪೇಪರ್ ಮಾತ್ರ ಓದಿದರು.

ತಿಂಗಳೊಳಗೆ ಒಂದು ಮಧ್ಯಾಹ್ನ, ಮೇಷ್ಟ್ರು ಇನ್ನೂ ಬೆಂಚು ಬಿಟ್ಟು ಎದ್ದಿರಲಿಲ್ಲ, ಆರೇಳು ಜನ ಸ್ಟುಡಿಯೋಕ್ಕೆ ನುಗ್ಗಿದರು. ಸಾಲಗಾಮೆಯಲ್ಲಿ ಹೆಣ್ಣು ನೋಡಿ, ಅರಕಲಗೂಡಿಗೆ ಬಸ್ ಹಿಡಿಯಲು ಹಾಸನಕ್ಕೆ ಬಂದಿದ್ದ ಗಂಡಿನ ಕಡೆಯವರು. ಸಮಾಧಾನ ಹೇಳುತ್ತ ಹಿಂದೆಯೇ ಬಂದ ಗೌರಮ್ಮ, ರತ್ನ. ಹುಡುಗನ ತಾಯಿ ನಿಂಗಮ್ಮ, ಹಿಂಭಾಗದಲ್ಲಿ ನನ್ನ ಸ್ಟುಡಿಯೋದ ಸೀಲಿದ್ದ ರತ್ನಳ ಫೋಟೋವನ್ನು ಟೇಬಲ್ ಮೇಲೆ ಕುಕ್ಕಿದರು.

"ಏನ್ ಸಾ, ಇರೋ ಮಚ್ಚೆ ಮುಚ್ಚಾಕಿ ನಮ್ಗೆ ಟೋಪಿ ಆಕ್ತೀರಾ?"

ನನ್ನ ಗಡ್ಡದೊಳಗೆಲ್ಲ ಬೆವರು. ಒಂದು ಮದುವೆ ನನ್ನ ಪೆನ್ಸಿಲ್ ತುದಿಯಲ್ಲಿ ಮುರಿದು ಬೀಳುತ್ತಿತ್ತು. ಗೌರಮ್ಮನ ಕಣ್ಣು ತುಂಬಿಬಂದಿತ್ತು. ತಪ್ಪೆಲ್ಲ ನನ್ನದೇ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ರತ್ನ ತನ್ನ ಬ್ಯಾಗಿನಿಂದ ಹುಡುಗನ ಫೋಟೋ ತೆಗೆದು ಹಿಂಭಾಗ ತಿರುಗಿಸಿದಳು. ಅಲ್ಲೂ ನನ್ನ ಸ್ಟುಡಿಯೋದ ಸೀಲು! ಅವಳು ಒಮ್ಮೆ ಫೋಟೋ ನೋಡಿದಳು, ಒಮ್ಮೆ ಹುಡುಗ ಮಂಜುನಾಥನನ್ನು ನೋಡಿದಳು.

"ಇವ್ರ ಎಡಗಡೆ ಉಬ್ಬು ಮಧ್ಯಕ್ಕೆ ತುಂಡಾಗ್ಯದೆ. ಫೋಟೋದಾಗೆ ಪೂರ್ತಿ ಅದೆ!"

ಎಲ್ಲರೂ ಹುಡುಗನ ಹುಬ್ಬಿನತ್ತ ತಿರುಗಿದರು. ಹಳೇ ಗಾಯವೊಂದು ಅದನ್ನು ಸರಿಯಾಗಿ ಎರಡು ಭಾಗ ಮಾಡಿತ್ತು. ಅಲ್ಲಿ ಕುಂಚದಿಂದ ಕೂದಲು ನೆಟ್ಟದ್ದು ನನಗಾಗ ನೆನಪಾಯಿತು. ಮಂಜುನಾಥ ಜೋರಾಗಿ ನಕ್ಕುಬಿಟ್ಟ.

"ಚಿಕ್ಕೋನಿದ್ದಾಗ ಗಾಡಿಯಿಂದ ಬಿದ್ದಿದ್ದು. ಇದ ಮುಚ್ಸಿದ್ದು ನಮ್ಮವ್ವನೇ ಕಣ್ರೀ!"

ನಿಂಗಮ್ಮ ಸೆರಗು ಸರಿಮಾಡಿಕೊಳ್ಳತೊಡಗಿದರು. ಮೇಷ್ಟ್ರು ಇಂಥ ಸಂದರ್ಭ ಬಿಡುವವರಲ್ಲ. ಪುಸ್ತಕ ತೆರೆದು, "ಹುಬ್ಬು ತುಂಡಾಗಿದ್ರೆ ಅಣ್ಣತಮ್ಮಂದಿರ ಜೊತೆ ಸದಾ ಜಗಳ ಅಂತಿದೆ" ಎಂದು ಗಂಭೀರವಾಗಿ ಓದಿದರು.

"ನಂಗೆ ಅಣ್ಣತಮ್ಮಂದ್ರೇ ಇಲ್ವಲ್ಲ ಸಾ!" ಎಂದ ಮಂಜುನಾಥ.

ರತ್ನ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಗೌರಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ನಿಂಗಮ್ಮ ಮಾತ್ರ ಮೇಷ್ಟ್ರ ಹತ್ತಿರ ಸರಿದು, "ಅಲ್ಲ ಸ್ವಾಮಿ, ಆ ಮಚ್ಚೆಗೆ ಏನಂತ ಬರದವ್ರೆ?" ಎಂದು ಕೇಳಿದರು. ಮೇಷ್ಟ್ರು ಅನ್ನದ ವಿಷಯ ಹೇಳಿದರು, ಸ್ವಲ್ಪ ತುಪ್ಪ ಬೆರೆಸಿಯೇ ಹೇಳಿದರೆಂದು ನನ್ನ ಗುಮಾನಿ. ನಿಂಗಮ್ಮ ರತ್ನಳ ಗಲ್ಲ ಹಿಡಿದೆತ್ತಿ ಮಚ್ಚೆಯನ್ನು ಹತ್ತಿರದಿಂದ ನೋಡಿದರು. "ನಮ್ಮನೇಲಿ ಉಣ್ಣೋರು ಜಾಸ್ತಿ ಕಣವ್ವ. ಬಾ" ಎಂದರು. ಅಷ್ಟೇ. ಅರಕಲಗೂಡಿನ ಬಸ್ಸು ಆವತ್ತು ಅವರನ್ನು ಬಿಟ್ಟು ಹೋಯಿತು. ಯಾರಿಗೂ ಬೇಜಾರಾಗಲಿಲ್ಲ.

ಮದುವೆಯಾಗಿ ಹದಿನೈದು ದಿನಕ್ಕೆ ಗಂಡಹೆಂಡತಿ ಜೋಡಿ ಫೋಟೋ ತೆಗೆಸಲು ಬಂದರು. "ಇದ್ದಂಗೆ ಇರ್ಲಿ ಸಾ. ನಿಮ್ ಪೆನ್ಸಿಲ್ ಒಳಗಿಡಿ" ಎಂದಳು ರತ್ನ. ನಾನು ದೀಪ ಹೊಂದಿಸಿ, ಗದ್ದ ಸ್ವಲ್ಪ ಕೆಳಗೆ, ಭುಜ ನೇರ ಎಂದೆಲ್ಲ ಹೇಳಿ ಬಟನ್ ಒತ್ತುವ ಗಳಿಗೆಗೆ ಸರಿಯಾಗಿ ಮಂಜುನಾಥ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳು ನಕ್ಕಳು, ಅವನೂ ನಕ್ಕ. ಕಣ್ಣು ಮುಚ್ಚಿ, ಬಾಯಿ ತೆರೆದು, ಇಬ್ಬರ ತಲೆಯೂ ವಾಲಿ, ನಮ್ಮ ಕಸುಬಿನ ಲೆಕ್ಕದಲ್ಲಿ ಆ ಫೋಟೋ ಪೂರ್ತಿ ಹಾಳು. ಇನ್ನೊಂದು ತೆಗೆಯುತ್ತೇನೆಂದರೂ ಕೇಳದೆ ಅವರು ಅದನ್ನೇ ದೊಡ್ಡದು ಮಾಡಿಸಿಕೊಂಡರು. ನಾನೂ ಒಂದು ಪ್ರಿಂಟು ಹಾಕಿ ಶೋಕೇಸಿನಲ್ಲಿಟ್ಟೆ.

ಮಾರನೆಯ ದಿನ ಮೇಷ್ಟ್ರು ಕನ್ನಡಕ ಏರಿಸಿ ಅದರ ಮುಂದೆ ಬಹಳ ಹೊತ್ತು ನಿಂತರು. ಪುಸ್ತಕ ತಿರುವಿದರು, ಮತ್ತೆ ನೋಡಿದರು.

"ಇದನ್ನ ಓದೋಕಾಗಲ್ಲ ಕಣಯ್ಯ. ನಕ್ಕಾಗ ಕಣ್ಣು ಸಣ್ಣಗಾಗುತ್ತೆ, ಮೂಗು ಅಗಲ ಆಗುತ್ತೆ, ಕೆನ್ನೆ ಮೇಲಕ್ಕೆ ಹೋಗುತ್ತೆ. ಒಂದೂ ಅದರದರ ಜಾಗದಲ್ಲಿ ಇರಲ್ಲ."

"ಹಾಗಾದ್ರೆ ಇವರ ಭವಿಷ್ಯ ಹೇಳೋದು ಹೇಗೆ ಮೇಷ್ಟ್ರೇ?"

"ನಗು ನಿಲ್ಲೋ ತನಕ ಕಾಯಬೇಕು" ಎಂದು ಪುಸ್ತಕವನ್ನು ಬಗಲಿಗಿಟ್ಟುಕೊಂಡರು. ಬೆಂಚಿನವರೆಗೆ ಹೋದವರು ತಿರುಗಿ ನೋಡಿ ಹೇಳಿದರು: "ಕಾಯೋದು ಬೇಡ ಬಿಡು."