ಕಥೆಯ ಕೊನೆ ಹೇಳುವ ಮೊಹಿದ್ದೀನ್

ಈ ಬರಹಕ್ಕಾಗಿ ಮೊಹಿದ್ದೀನ್ ಅವರೊಂದಿಗೆ ನಡೆದ ಮೊದಲ ಮಾತುಕತೆಯನ್ನು ಗೊತ್ತುಪಡಿಸಿದವರು ಅವರ ಮಗಳು ಮರಿಯಂ. ಬಾಳೂರಿನ ಜೀಪು ನಿಲ್ದಾಣದಲ್ಲಿ ಕುಳಿತು ಮಾತನಾಡುವುದೆಂದು ಎರಡು ಬಾರಿ ದಿನ ನಿಶ್ಚಯವಾಯಿತು. ಎರಡು ಬಾರಿಯೂ ಬಾಡಿಗೆ ಬಂದು ಅವರು ಹೊರಟುಹೋಗಿದ್ದರು. ಮೂರನೆಯ ಸಲ ಮರಿಯಂ ಫೋನಿನಲ್ಲಿ, “ಅಪ್ಪ ಕೂತು ಮಾತಾಡೋ ಪೈಕಿ ಅಲ್ಲ. ನೀವೇ ಜೀಪು ಹತ್ಬಿಡಿ” ಎಂದರು. ಹೀಗಾಗಿ 2024ರ ಜನವರಿ 9ರ ಮೊದಲ ಧ್ವನಿಮುದ್ರಣ ಚಲಿಸುವ ಜೀಪಿನಲ್ಲಿ ನಡೆಯಿತು. ನಲವತ್ತು ನಿಮಿಷಗಳ ಮುದ್ರಣದಲ್ಲಿ ಹನ್ನೊಂದು ನಿಮಿಷ ಎಂಜಿನ್ನಿನದು.

ಮೊಹಿದ್ದೀನ್ ಹುಟ್ಟಿದ್ದು 1961ರಲ್ಲಿ, ಬಾಳೂರಿನಲ್ಲೇ. ತಂದೆಗೆ ಸೈಕಲ್ ರಿಪೇರಿ ಅಂಗಡಿಯಿತ್ತು. ಏಳನೆಯ ತರಗತಿಯ ನಂತರ ಗ್ಯಾರೇಜು, ಅನಂತರ ಜೀಪು. ಊರಿನ ಯಕ್ಷಗಾನ ಸಂಘದ ಮೈಕು ಅವರ ಕೈಗೆ ಬಂದದ್ದು 1989ರಲ್ಲಿ. ಸಂಘದ ಪರಿಚಯಸ್ಥರಲ್ಲಿ ಜೀಪಿದ್ದವರು ಬೇರೆ ಯಾರೂ ಇರಲಿಲ್ಲ ಎಂಬುದನ್ನು ಬಿಟ್ಟರೆ ಇದಕ್ಕೆ ಕಾರಣವಿಲ್ಲವೆಂದು ಅವರೇ ಹೇಳುತ್ತಾರೆ.

ಸಂಘದ ಆಟಗಳು ಭಾನುವಾರ ಮಧ್ಯಾಹ್ನ ಎರಡಕ್ಕೆ. ಟಿಕೆಟ್ಟಿಲ್ಲ. ಎಸ್ಟೇಟುಗಳ ಕೂಲಿಲೈನುಗಳ, ಎಂದರೆ ಕೆಲಸಗಾರರ ಸಾಲುಮನೆಗಳ, ಮುಂದೆ ಜೀಪು ನಿಲ್ಲಿಸಿ ಆಟದ ಸುದ್ದಿ ಸಾರುವುದು, ಆ ದಿನ ಬರುವವರನ್ನು ಕರೆತಂದು ವಾಪಸು ಬಿಡುವುದು ಮೊಹಿದ್ದೀನ್ ಅವರ ಪಾಲಿನ ಕೆಲಸ. ಬ್ಯಾರಿ, ಕನ್ನಡ, ತುಳು, ತಮಿಳು ಮೊದಲಿನಿಂದಲೂ ಬರುತ್ತಿತ್ತು. ಕಾಫಿ ಕೊಯ್ಲಿಗೆ ಅಸ್ಸಾಮಿನವರು ಬರತೊಡಗಿದ ಮೇಲೆ ಹಿಂದಿಯನ್ನೂ ಕಲಿತರು. ಆ ಹಿಂದಿಯಲ್ಲಿ ಕ್ರಿಯಾಪದಗಳು ಕಡಿಮೆ, ಕೈಸನ್ನೆ ಹೆಚ್ಚು. ಜೀಪು ಓಡಿಸುತ್ತಿರುವವರ ವಿಷಯದಲ್ಲಿ ಇದು ಸಣ್ಣ ಸಂಗತಿಯಲ್ಲ.

ಅವರು ಸಾರುತ್ತಿದ್ದುದು ದಿನ, ವೇಳೆಗಳನ್ನು ಮಾತ್ರವಲ್ಲ, ಇಡೀ ಕಥೆಯನ್ನು. ವೇಷ ಮರೆಸಿಕೊಂಡವರು ಯಾರು, ಯಾರ ಕೈಯಲ್ಲಿ ಯಾರು ಸಾಯುತ್ತಾರೆ, ಕೊನೆಗೆ ರಾಜ್ಯ ಯಾರಿಗೆ, ಎಲ್ಲವನ್ನೂ ಮೊದಲೇ ಹೇಳಿಬಿಡುತ್ತಿದ್ದರು. ಪುರಾಣದ ಪ್ರಸಂಗಗಳಿರುವವರೆಗೆ ಇದಕ್ಕೆ ಆಕ್ಷೇಪಣೆ ಬರಲಿಲ್ಲ. ಅವುಗಳ ಕೊನೆಯನ್ನು ಯಾರೂ ಗುಟ್ಟೆಂದು ತಿಳಿದಿರಲಿಲ್ಲ.

2023ರಲ್ಲಿ ಸಂಘದ ಕಾರ್ಯದರ್ಶಿ, ನಿವೃತ್ತ ಹೈಸ್ಕೂಲು ಅಧ್ಯಾಪಕ ಮಲ್ಲಿಕಾರ್ಜುನಪ್ಪನವರು ಸ್ವಂತ ಪ್ರಸಂಗವೊಂದನ್ನು ಬರೆದು ಮುಗಿಸಿದರು. ಅದಕ್ಕೆ ಎಂಟು ವರ್ಷ ಹಿಡಿದಿತ್ತು. ಧವಳಸೇನನೆಂಬ ರಾಜ ಯುದ್ಧದಲ್ಲಿ ಒಂಟಿಯಾಗುತ್ತಾನೆ, ಅವನ ರಥದ ಚಕ್ರ ಕೆಸರಿನಲ್ಲಿ ಹೂತುಹೋಗುತ್ತದೆ. ಆಗ ಕೊಲ್ಲಲು ಬಂದ ಶತ್ರು ಸೇನಾಪತಿ ಕತ್ತಿ ಕೆಳಗಿಟ್ಟು ಚಕ್ರಕ್ಕೆ ಹೆಗಲು ಕೊಡುತ್ತಾನೆ. ಅವನು ರಾಜನ ಕಳೆದುಹೋಗಿದ್ದ ತಮ್ಮ. ಈ ಕೊನೆ ಪ್ರೇಕ್ಷಕರಿಗೆ ಮೊದಲೇ ತಿಳಿಯಬಾರದೆಂಬುದು ಕರ್ತೃವಿನ ಅಪೇಕ್ಷೆಯಾಗಿತ್ತು.

“ಈ ಸಲ ಹೊತ್ತು ಮಾತ್ರ ಹೇಳು ಮಾರಾಯ. ಕಥೆಗೆ ಕೈ ಹಾಕ್ಬೇಡ,” ಎಂದರು ಮಲ್ಲಿಕಾರ್ಜುನಪ್ಪ.

“ಹೇಳ್ದಿದ್ರೆ ಅಸ್ಸಾಮಿನವ್ರಿಗೆ ಎಂತ ಅರ್ಥ ಆಗ್ತದೆ ಮೇಷ್ಟ್ರೇ? ಹಾಡೋದೂ ಕನ್ನಡ, ಮಾತಾಡೋದೂ ಕನ್ನಡ. ಅದೂ ನಿಮ್ಮ ಕನ್ನಡ!”

“ನೋಡಿ ತಿಳ್ಕೊಳ್ಲಿ.”

ಫೆಬ್ರವರಿ 12ರ ಮೊದಲ ಪ್ರದರ್ಶನಕ್ಕೆ ಮೊಹಿದ್ದೀನ್ ಹೊತ್ತು ಮಾತ್ರ ಸಾರಿದರು. ಅಸ್ಸಾಮಿನವರು ಇಪ್ಪತ್ತೆರಡು ಮಂದಿ ಬಂದರು. ಎರಡನೆಯ ದೃಶ್ಯದ ಹೊತ್ತಿಗೆ ಹತ್ತೊಂಬತ್ತು ಮಂದಿ ಎದ್ದು ಹೋಗಿದ್ದರು. ಉಳಿದ ಮೂವರಲ್ಲಿ ಒಬ್ಬ ನಿದ್ರಿಸುತ್ತಿದ್ದ.

ಮರುದಿನ ಮೊಹಿದ್ದೀನ್ ಮೈಕನ್ನು ಜೀಪಿನಿಂದ ಬಿಚ್ಚಿ ಕಾರ್ಯದರ್ಶಿಗಳ ಜಗುಲಿಯ ಮೇಲಿಟ್ಟರು. “ಗೊತ್ತಾಗದ ಆಟಕ್ಕೆ ಕರ್ಕೊಂಡು ಬಂದ್ರೆ ಕರೆದವನ ಮಾನ ಹೋಗ್ತದೆ. ಕಥೆ ಹೇಳೋ ಹಾಗಿದ್ರೆ ನಾನು. ಇಲ್ಲಾಂದ್ರೆ ಬೇರೆಯವ್ರನ್ನ ನೋಡಿ.” ಮೂವತ್ನಾಲ್ಕು ವರ್ಷಗಳಲ್ಲಿ ಅವರು ಸಂಘದ ಮುಂದಿಟ್ಟ ಒಂದೇ ಷರತ್ತು ಇದು.

ಮಲ್ಲಿಕಾರ್ಜುನಪ್ಪನವರು ಎರಡು ದಿನ ಯೋಚಿಸಿ ಮಧ್ಯಮಾರ್ಗವೊಂದನ್ನು ಸೂಚಿಸಿದರು: ಚಕ್ರ ಹೂಳುವವರೆಗೆ ಹೇಳಬಹುದು, ಅದರ ಮುಂದೆ ಒಂದಕ್ಷರವೂ ಕೂಡದು. ಇದರಿಂದ ಆಟಕ್ಕೆ ಭಂಗ ಬಂದರೆ ಮೈಕು ಬೇರೆಯವರಿಗೆ. ಮೊಹಿದ್ದೀನ್ ಒಪ್ಪಿದರು.

ಮಾರ್ಚ್ 12ರಂದು ಕೂಲಿಲೈನುಗಳ ಮುಂದೆಯೂ ಜೀಪಿನೊಳಗೂ ಅವರು ಕಥೆಯನ್ನು ಕೆಸರಿನವರೆಗೆ ತಂದು ನಿಲ್ಲಿಸಿದರು. “ರಾಜಾ ಅಕೇಲಾ. ಗಾಡಿ ಕೀಚಡ್ ಮೇ. ಬಸ್.” ರಾಜ ಒಂಟಿ, ಗಾಡಿ ಕೆಸರಿನಲ್ಲಿ, ಅಷ್ಟೇ. ಅಸ್ಸಾಮಿನವರು ಮೂವತ್ತೊಂದು ಮಂದಿ ಬಂದರು, ಯಾರೂ ಎದ್ದು ಹೋಗಲಿಲ್ಲ.

ಈ ಭಾಗದ ರಸ್ತೆಗಳ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಜೀಪು ಹೂತರೆ ಚಾಲಕ ಯಾರನ್ನೂ ಕರೆಯುವುದಿಲ್ಲ. ಎಲ್ಲರೂ ತಾವಾಗಿ ಇಳಿದು ತಳ್ಳುತ್ತಾರೆ. ಇಳಿಯದೆ ಕುಳಿತವರ ಆರೋಗ್ಯವನ್ನು ವಿಚಾರಿಸಲಾಗುತ್ತದೆ. ಹೊರಗಿನಿಂದ ಕೆಲಸಕ್ಕೆ ಬಂದವರು ಕನ್ನಡಕ್ಕಿಂತ ಮೊದಲು ಕಲಿಯುವುದು ಇದನ್ನು.

ಧವಳಸೇನನ ಪಾತ್ರ ಮಲ್ಲೇಶ್ ಅವರದು; ವಾರದ ದಿನಗಳಲ್ಲಿ ಅವರು ಎಸ್ಟೇಟೊಂದರ ಮೇಸ್ತ್ರಿ. ಯಕ್ಷಗಾನದಲ್ಲಿ ರಥವೆಂದರೆ ಒಂದು ಮರದ ಪೀಠ. ಅದರ ಮೇಲೆ ನಿಂತು ಮಲ್ಲೇಶ್, “ಅಯ್ಯೋ, ಚಕ್ರ ಹೂತಿತೇ! ನನಗಿನ್ನು ಯಾರು ಗತಿ?” ಎಂದು ಸುತ್ತ ನೋಡಿದರು. ಮೂರನೆಯ ಸಾಲಿನಿಂದ ಸೋಮ್ರಾ ಎಂಬ ಕೊಯ್ಲಿನ ಕೆಲಸಗಾರ ಎದ್ದ. ಅವನ ಹಿಂದೆ ಇನ್ನೂ ಮೂವರು ಎದ್ದರು. ಚಪ್ಪಲಿ ಕಳಚಿ, ಪ್ಯಾಂಟು ಮಡಚಿ, ರಂಗವೇರಿ, ರಾಜನ ಸಮೇತ ಪೀಠವನ್ನೆತ್ತಿ ನಾಲ್ಕಡಿ ಆಚೆಗಿಟ್ಟರು. ಮದ್ದಳೆಯವರು ನುಡಿಸುವುದನ್ನು ನಿಲ್ಲಿಸಲಿಲ್ಲ.

ವೇಷದಲ್ಲಿರುವಾಗ ಪಾತ್ರ ಬಿಟ್ಟು ಮಾತನಾಡುವ ಹಾಗಿಲ್ಲ. ಮಲ್ಲೇಶ್ ಮೀಸೆ ತಿರುವಿ, “ಎಲೈ ವೀರರೇ! ನಮ್ಮ ಸೈನ್ಯದಲ್ಲಿ ನಿಮ್ಮನ್ನು ಕಂಡ ನೆನಪಿಲ್ಲವಲ್ಲ?” ಎಂದರು. ಸೋಮ್ರಾ ಕೈ ಒರೆಸಿಕೊಂಡು, “ಠೀಕ್ ಹೈ, ಮೇಸ್ತ್ರಿ,” ಎಂದು ಕೆಳಗಿಳಿದ.

ರಂಗದ ಬದಿಯಲ್ಲಿ ಶತ್ರು ಸೇನಾಪತಿ ಪ್ರವೇಶಕ್ಕೆ ಸಿದ್ಧನಾಗಿ ನಿಂತಿದ್ದ. ಅವನು ತಳ್ಳಬೇಕಾಗಿದ್ದ ಚಕ್ರ ಈಗ ಹೂತಿರಲಿಲ್ಲ. ಸ್ವಲ್ಪ ಕಾದು ಭಾಗವತರು ಮಂಗಳ ಹಾಡಿದರು. ಆಟ ಇಪ್ಪತ್ತು ನಿಮಿಷ ಮೊದಲೇ ಮುಗಿಯಿತು. ಅಣ್ಣತಮ್ಮಂದಿರು ಒಂದಾಗಲಿಲ್ಲ.

ಮಾರ್ಚ್ 19ರಂದು ಸಂಘದ ಸಭೆ ಸೇರಿತು. ಮೊಹಿದ್ದೀನ್ ಮೈಕನ್ನು ಜೊತೆಗೇ ತಂದಿದ್ದರು.

“ಭಂಗ ಬಂತೋ ಇಲ್ವೋ?” ಎಂದು ಮಲ್ಲಿಕಾರ್ಜುನಪ್ಪ ಕೇಳಿದರು.

“ಬಂತು ಮೇಷ್ಟ್ರೇ. ಆದ್ರೆ ನಾನು ಹೇಳಿದ್ದಕ್ಕೆ ಬಂದದ್ದಲ್ಲ, ಹೇಳದೆ ಬಿಟ್ಟಿದ್ದಕ್ಕೆ. ತಮ್ಮ ಬಂದು ತಳ್ತಾನೆ ಅಂತ ಗೊತ್ತಿದ್ರೆ ಅವ್ರು ಯಾಕೆ ಏಳ್ತಿದ್ರು? ಯಾರೂ ಇಲ್ಲ ಅಂದ್ಕೊಂಡ್ರು. ಬಂದ್ರು.”

ಸಂಘದ ಸದಸ್ಯೆ, ಕಾಫಿ ಕಣದಲ್ಲಿ ಕೆಲಸ ಮಾಡುವ ಸಾವಿತ್ರಮ್ಮ ಗಂಟಲು ಸರಿಮಾಡಿಕೊಂಡರು.

“ಮೇಷ್ಟ್ರೇ, ಬೇಜಾರು ಮಾಡ್ಕೊಬೇಡಿ. ನೀವು ಎಂಟು ವರ್ಷ ಕೂತು ಬರೆದ್ರಲ್ಲ ಕೊನೆ, ಅದನ್ನೇ ಅವ್ರು ಮಾಡಿದ್ದು. ತಮ್ಮನಿಗಿಂತ ಒಂಚೂರು ಬೇಗ ಬಂದ್ರು, ಅಷ್ಟೇ.”

ಮಲ್ಲಿಕಾರ್ಜುನಪ್ಪ ಕನ್ನಡಕ ತೆಗೆದು ಒರೆಸಿದರು. ಧರಿಸಲು ಹೋಗಿ ಮತ್ತೊಮ್ಮೆ ಒರೆಸಿದರು.

“ಕೊನೆವರೆಗೆ ಹೇಳಿದ್ರೂ ಬರ್ತಾರಾ?”

“ಬರ್ತಾರೆ. ಮತ್ತೆ, ಬಂದು ಕೂತ್ಕೊಳ್ತಾರೆ,” ಎಂದರು ಮೊಹಿದ್ದೀನ್.

“ಹಾಗಾದ್ರೆ ಜೀಪಲ್ಲಿ ಯಾಕೆ? ರಂಗದ ಮೇಲೇ ನಿಂತು ಹೇಳು. ಎಲ್ಲರಿಗೂ ಕೇಳ್ಲಿ.” ಕನ್ನಡಕ ಧರಿಸಿ, “ನನ್ನ ಕನ್ನಡ ಎಲ್ಲರಿಗೂ ತಿಳೀತದೆ ಅಂತ ನಾನು ಅಂದ್ಕೊಂಡಿದ್ದೆ,” ಎಂದರು.

ಸಂಘದ ನಡಾವಳಿ ಪುಸ್ತಕದಲ್ಲಿ, ಕಾರ್ಯದರ್ಶಿಗಳ ಕೈಬರಹದಲ್ಲಿ, ಮುಂದಿನ ಪ್ರದರ್ಶನದ ನಮೂದು ಹೀಗಿದೆ: “26–3–2023, ಭಾನುವಾರ. ಮಧ್ಯಾಹ್ನ 2ರಿಂದ 2–15: ಕಥಾಸಾರ, ಕೊನೆ ಸಹಿತ, ಕನ್ನಡ ಮತ್ತು ಹಿಂದಿಯಲ್ಲಿ, ಶ್ರೀ ಮೊಹಿದ್ದೀನ್ ಅವರಿಂದ. ಪ್ರೇಕ್ಷಕರು 143. ಪ್ರೇಕ್ಷಕರಲ್ಲಿ ಯಾರೂ ರಂಗವನ್ನೇರಲಿಲ್ಲ.”