ಗಾಜಕ್ಕನ ಓವನ್ ಇನ್ನೂ ಬಿಸಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ವಿಜ್ಞಾನ ಕಟ್ಟಡದಲ್ಲಿ ದೀಪ ಉರಿಯುತ್ತಿರುವುದು ನೆಲಮಾಳಿಗೆಯ ಒಂದೇ ಕೋಣೆಯಲ್ಲಿ. ಒಳಗೆ ಐವತ್ತು ದಾಟಿದ ಹೆಂಗಸೊಬ್ಬರು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ನಸುನೇರಳೆ ಬಣ್ಣದ ಕನ್ನಡಕ ಏರಿಸಿಕೊಂಡು ಬರ್ನರಿನ ಮುಂದೆ ಕೂತಿದ್ದಾರೆ. ನೀಲಿ ಉರಿಯಲ್ಲಿ ಗಾಜಿನ ಕೊಳವೆ ತಿರುಗುತ್ತಿದೆ. ಎರಡೂ ಕೈ ಒಂದೇ ವೇಗದಲ್ಲಿ ತಿರುಗಬೇಕು. ಒಂದು ಕೈ ಚೂರು ಮುಂದಾದರೂ ಮೆತ್ತಗಾದ ಗಾಜು ಹಿಂಡಿದ ಬಟ್ಟೆಯ ಹಾಗೆ ನುಲಿದುಕೊಳ್ಳುತ್ತದೆ. ತುಟಿಯ ನಡುವೆ ರಬ್ಬರ್ ನಳಿಕೆಯ ತುದಿ, ಇನ್ನೊಂದು ತುದಿ ಗಾಜಿನ ಕೊಳವೆಗೆ. ಅವರು ಊದಿದ್ದು ಯಾವಾಗ ಎಂದು ಗೊತ್ತೇ ಆಗುವುದಿಲ್ಲ. ಗಾಜು ಮಾತ್ರ ಮೆಲ್ಲಗೆ ದುಂಡಗಾಗುತ್ತದೆ.

"ಬಾಗಿಲು ಹಾಕಮ್ಮ, ಗಾಳಿ ಬಂದ್ರೆ ಉರಿ ಕುಣಿಯುತ್ತೆ" ಎನ್ನುತ್ತಾರೆ, ತಿರುಗಿಯೂ ನೋಡದೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದು, ಒಳಗೆ ಹೋಗಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತಿದ್ದ ನನಗೆ ಅದೇ ಕರೆ. ಇಷ್ಟು ಬೇಗ ಯಾಕೆ ಬರುತ್ತೀರಿ ಎಂದು ಕೇಳಿದರೆ, "ಆಮೇಲೆ ಹೇಳ್ತೀನಿ, ಈಗ ಬಾಯಿಗೆ ಬೇರೆ ಕೆಲಸ ಇದೆ" ಎಂದು ನಳಿಕೆ ಮತ್ತೆ ಕಚ್ಚುತ್ತಾರೆ.

ಸಂಶೋಧನಾ ವಿದ್ಯಾರ್ಥಿಗಳ ಬಾಯಲ್ಲಿ ಇವರು ಗಾಜಕ್ಕ. ಮೇಲಿನ ಮಹಡಿಗಳ ಪ್ರಯೋಗಾಲಯಗಳಿಗೆ ಬೇಕಾದ ಗಾಜಿನ ಪಾತ್ರೆಗಳನ್ನು ಊದಿ ಮಾಡುವುದು, ಒಡೆದದ್ದನ್ನು ಬೆಸೆಯುವುದು ಇವರ ಕೆಲಸ. ಕಂಪನಿಯ ಪಟ್ಟಿಯಲ್ಲಿ ಇಲ್ಲದ ಪಾತ್ರೆ ಬೇಕೆನಿಸಿದವರೆಲ್ಲ ಮೆಟ್ಟಿಲಿಳಿದು ಇಲ್ಲಿಗೇ ಬರಬೇಕು. ಕೆಲವರು ಚಿತ್ರ ಬರೆದು ತರುತ್ತಾರೆ, ಕೆಲವರು ಗಾಳಿಯಲ್ಲಿ ಕೈಯಾಡಿಸಿ ತೋರಿಸುತ್ತಾರೆ. "ಹಿಂಗೆ ಹೋಗಿ ಹಂಗೆ ಬಗ್ಗಬೇಕು ಅಕ್ಕಾ ಅಂತಾರೆ. ಹಿಂಗೆ ಅಂದ್ರೆ ಹೆಂಗೆ ಅಂತ ಇಬ್ರೂ ಕೂತು ಜಗಳ ಆಡ್ತೀವಿ. ಜಗಳ ಮುಗಿಯೋ ಹೊತ್ತಿಗೆ ಪಾತ್ರೆ ಏನು ಅಂತ ಇಬ್ರಿಗೂ ಗೊತ್ತಾಗಿರುತ್ತೆ."

ಕೆಲಸ ಕಲಿಸಿದ್ದು ಸೋದರಮಾವ. ಅವರೂ ಇದೇ ಕುರ್ಚಿಯಲ್ಲಿ ಕೂತವರು. ಹೆಣ್ಣುಮಗಳು ಬೆಂಕಿಯ ಮುಂದೆ ಕೂತು ಗಾಜು ಊದುವುದೆಂದರೆ ಆಗ ಆಫೀಸಿನವರಿಗೆ ನಗು. "ಅಡುಗೆಮನೇಲಿ ಬೆಂಕಿ ಮುಂದೆ ಕೂತ್ರೆ ಯಾರೂ ನಗಲ್ಲ, ಇಲ್ಲಿ ಕೂತ್ರೆ ನಗು! ನಗಲಿ ಬಿಡು ಅಂದ್ರು ಮಾವ. ನಕ್ಕೋರ ಪಾತ್ರೆ ಒಡೆದಾಗ ನನ್ನ ಹತ್ರಾನೇ ತರಬೇಕಾಯ್ತು." ಬೆರಳುಗಳ ಮೇಲೆ ಹಳೆಯ ಸುಟ್ಟ ಗುರುತುಗಳು, ಬಿಳಿಚಿಕೊಂಡು ಹೊಳೆಯುತ್ತವೆ. ದಿನಕ್ಕೆ ಹತ್ತು ಹನ್ನೆರಡು ರಿಪೇರಿ, ಬಿಡುವಾದರೆ ಒಂದೆರಡು ಹೊಸ ಪಾತ್ರೆ. ಬಸ್ ಓಡಿಸುವ ಗಂಡ ಮನೆಗೆ ಬಂದವರೆದುರು ಚುಚ್ಚುತ್ತಾರಂತೆ: "ಊರವರ ಗಾಜೆಲ್ಲ ಕೂಡಿಸ್ತಾಳೆ, ಮನೇಲಿ ಒಂದು ಲೋಟ ಉಳಿಸಲ್ಲ."

ಗಾಜನ್ನು ರೂಪಕ್ಕೆ ತಂದರಷ್ಟೇ ಸಾಲದು. ಮೂಲೆಯಲ್ಲಿರುವ ದೊಡ್ಡ ಓವನ್ನಿನಲ್ಲಿಟ್ಟು ಕಾಯಿಸಿ, ನಿಧಾನವಾಗಿ ತಣಿಯಲು ಬಿಡಬೇಕು. ಅವಸರದಲ್ಲಿ ಬಾಗಿಲು ತೆಗೆದರೆ ಒಳಗಿದ್ದದ್ದೆಲ್ಲ ಬಿರುಕು. ಬೆಳಿಗ್ಗೆ ಇಟ್ಟದ್ದು ಹದವಾಗಿ ಕೈಗೆ ಬರುವುದು ಮರುದಿನ ಬೆಳಿಗ್ಗೆಯೇ.

ಈಗ ಈ ಕೋಣೆಗೇ ಕುತ್ತು ಬಂದಿದೆ. ವಿಶ್ವವಿದ್ಯಾಲಯ ಈ ವರ್ಷ ಭೌತಶಾಸ್ತ್ರದಿಂದ ಇತಿಹಾಸದವರೆಗೆ ಬೇರೆ ಬೇರೆ ವಿಭಾಗಗಳ ಎಂಟು ಸಂಶೋಧಕರನ್ನು ಸನ್ಮಾನಿಸುತ್ತಿದೆ. ಅವರ ಫೋಟೋ, ಪದಕ, ಫಲಕಗಳನ್ನಿಡಲು 'ಸಾಧಕರ ಗ್ಯಾಲರಿ' ಬೇಕು. ಅದಕ್ಕೆ ಆರಿಸಿದ್ದು ಇದೇ ಕೋಣೆ. ಪಾತ್ರೆಗಳನ್ನೆಲ್ಲ ಇನ್ನು ಹೊರಗಿಂದಲೇ ತರಿಸುತ್ತಾರಂತೆ. ಸಾಲದ್ದಕ್ಕೆ, ಎಂಟು ಜನರಿಗೆ ಗಾಜಿನ ಸ್ಮರಣಿಕೆ ಮಾಡಿಕೊಡಬೇಕೆಂದು ಕೊನೆಯ ಕೆಲಸ ಬಂದದ್ದೂ ಗಾಜಕ್ಕನಿಗೇ.

"ನನ್ನ ಕೈಲೇ ಬಹುಮಾನ ಮಾಡಿಸಿ, ಆ ಬಹುಮಾನ ಇಡಕ್ಕೆ ನನ್ನನ್ನೇ ಎಬ್ಬಿಸ್ತಾರಂತೆ. ಆಯ್ತು ಸಾರ್, ಮಾಡಿಕೊಡ್ತೀನಿ ಅಂದೆ."

ಮಾಡಿಕೊಟ್ಟರು. ಎಂಟೂ ಗುಂಡು ತಳದ ಪಾತ್ರೆಗಳು. ಕತ್ತು ನೀಳ, ಹೊಟ್ಟೆ ಗೋಲ, ಒಂದು ಗುಳ್ಳೆಯಿಲ್ಲ, ಗೆರೆಯಿಲ್ಲ. ಸಮಿತಿಯ ಮೇಷ್ಟ್ರು ಒಂದನ್ನು ಮೇಜಿನ ಮೇಲಿಟ್ಟರು. ಅದು ಉರುಳಿತು. ಎದೆಗವಚಿಕೊಂಡು ಹಿಡಿದರಂತೆ.

"ಏನಮ್ಮಾ ಇದು, ನಿಲ್ಲೋದೇ ಇಲ್ವಲ್ಲ!"

"ಇದು ನಿಲ್ಲೋ ಪಾತ್ರೆ ಅಲ್ಲ ಸಾರ್, ಕೆಲಸ ಮಾಡೋ ಪಾತ್ರೆ. ಸ್ಟ್ಯಾಂಡಿಗೆ ಸಿಕ್ಕಿಸಿ ಉರಿ ಹಚ್ಚಿ, ನಿಲ್ಲುತ್ತೆ."

"ಷೋಕೇಸಲ್ಲಿ ಹೆಂಗಮ್ಮ ಇಡೋದು?"

"ಇಡಬೇಡಿ."

"ತಳ ಒಂಚೂರು ಚಪ್ಪಟೆ ಮಾಡಿಕೊಡಿ. ನಿಮಗೆಷ್ಟು ಹೊತ್ತಿನ ಕೆಲಸ?"

"ಚಿಟಿಕೆ ಹೊಡೆಯೋಷ್ಟು ಹೊತ್ತು ಸಾರ್. ಮಾಡಲ್ಲ."

ಇದನ್ನು ಹೇಳುವಾಗ ಗಾಜಕ್ಕನ ದನಿ ಏರುವುದಿಲ್ಲ. ಕೊಳವೆ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ. "ಆ ಎಂಟು ಜನಾನೂ ನಂಗೆ ಗೊತ್ತು. ಒಳ್ಳೆ ಕೆಲಸಗಾರರು, ಬಹುಮಾನ ಕೊಡಲಿ, ಬೇಕಾದಷ್ಟು ಕೊಡಲಿ. ನನ್ನ ಹೆಸರು ಎಲ್ಲೂ ಹಾಕ್ಲಿಲ್ಲ ಅಂತ ಯಾವತ್ತೂ ಅಂದೋಳಲ್ಲ ನಾನು. ಆದ್ರೆ ಇಂಥದೊಂದು ಕೋಣೆ ಇರಲೇ ಇಲ್ಲ ಅನ್ನೋ ಹಾಗೆ ಗೋಡೆಗೆ ಸುಣ್ಣ ಹೊಡೆದು ಫೋಟೋ ತೂಗುಹಾಕ್ತೀವಿ ಅಂದ್ರೆ, ನಾನು ಸುಮ್ನಿರಲ್ಲ."

ಸನ್ಮಾನಕ್ಕೆ ಆಯ್ಕೆಯಾದ ರಸಾಯನಶಾಸ್ತ್ರದ ಮೇಡಂ ಅಷ್ಟರಲ್ಲಿ ಒಳಗೆ ಬರುತ್ತಾರೆ. ಕೈಯಲ್ಲಿ ಕತ್ತು ಮುರಿದ ಪಾತ್ರೆ. "ಅಕ್ಕಾ, ಇವತ್ತಿಗೆ ನನ್ನ ಪಾಳಿ." ಅವರ ಹಿಂದೆಯೇ ಇತಿಹಾಸದ ಮೇಷ್ಟ್ರು, ಅವರೂ ಆ ಎಂಟು ಜನರಲ್ಲೊಬ್ಬರು. ಅವರ ವಿಭಾಗದಲ್ಲಿ ಒಡೆಯಲು ಗಾಜೇ ಇಲ್ಲದ್ದರಿಂದ ಮನೆಯ ಬಿರುಕುಬಿಟ್ಟ ಗಾಜಿನ ಹೂಜಿ ತಂದಿದ್ದಾರೆ. ಗಾಜಕ್ಕ ಅದನ್ನು ತಿರುಗಿಸಿ ನೋಡಿ ನಗುತ್ತಾರೆ.

"ಈ ಗಾಜೇ ಬೇರೆ ಸಾರ್. ನನ್ನ ಗಾಜಿಗೆ ಕೂಡಲ್ಲ."

"ಹಂಗಾದ್ರೆ ಪ್ರಯೋಜನ ಇಲ್ವಾ?"

"ಯಾರು ಹೇಳಿದ್ದು? ಬನ್ನಿ, ಓವನ್ನಲ್ಲಿ ಜಾಗ ಇದೆ."

ಪಾಳಿ ಏನು, ಜಾಗ ಏನು, ನನಗೆ ಅರ್ಥವಾಗುವುದಿಲ್ಲ. ಗಾಜಕ್ಕ ಬಾಗಿಲ ಪಕ್ಕದ ಸೂಚನಾ ಫಲಕದತ್ತ ಗದ್ದ ಎತ್ತಿ ತೋರಿಸುತ್ತಾರೆ. ಕಟ್ಟಡಗಳ ಉಸ್ತುವಾರಿ ಕಚೇರಿಯವರೇ ಹಾಕಿಸಿದ್ದು: ಓವನ್ ಬಿಸಿಯಿರುವಾಗ ಈ ಕೋಣೆಯನ್ನು ತೆರವು ಮಾಡುವಂತಿಲ್ಲ, ಯಾರಿಗೂ ವಹಿಸಿಕೊಡುವಂತಿಲ್ಲ.

"ಆಫೀಸಿನವರು ಬೀಗದ ಕೈ ಕೇಳಕ್ಕೆ ಹತ್ತು ಗಂಟೆಗೆ ಬರ್ತಾರೆ. ಓವನ್ ತಣ್ಣಗಾಗಲಿ ಸಾರ್, ಕೊಡ್ತೀನಿ ಅಂತೀನಿ. ತಣ್ಣಗಾಗೋದು ಮಾರನೇ ದಿನ ಬೆಳಿಗ್ಗೆ. ಅವರು ಹಾಸಿಗೆ ಬಿಟ್ಟು ಏಳೋ ಹೊತ್ತಿಗೆ ನಾನು ಹಳೇದು ತೆಗೆದು ಹೊಸದು ಇಟ್ಟಿರ್ತೀನಿ. ಯಾಕೆ ಇಷ್ಟು ಬೇಗ ಬರ್ತೀರಿ ಅಂದೆಯಲ್ಲ, ಇದಕ್ಕೇ ಕಣಮ್ಮ."

ತಿಂಗಳಾಯಿತಂತೆ ಹೀಗೆ. ಒಂದು ದಿನವೂ ಓವನ್ ಖಾಲಿ ಬಿದ್ದಿಲ್ಲ. ಪಾಳಿ ಹಾಕಿಕೊಂಡು ಒಡೆದದ್ದನ್ನು ತರುವವರ ಸಾಲು ಮಾತ್ರ ದಿನೇ ದಿನೇ ಬೆಳೆಯುತ್ತಿದೆ. ಆ ಎಂಟು ಜನರೂ ತಮ್ಮ ಸ್ಮರಣಿಕೆ ಹಾಗೇ ಗುಂಡಗಿರಲಿ ಎಂದು ಸಮಿತಿಗೆ ತಿಳಿಸಿದ್ದಾರೆ.

ಇದನ್ನೆಲ್ಲ ಬರೆದರೆ ನಿಮಗೆ ತೊಂದರೆಯಾಗುವುದಿಲ್ಲವೇ ಎಂದು ನಾನು ಮೆಲ್ಲಗೆ ಕೇಳುತ್ತೇನೆ. ಗಾಜಕ್ಕ ಕನ್ನಡಕ ಹಣೆಗೇರಿಸಿ, ಬಂದಾಗಿನಿಂದ ಮೊದಲ ಸಲ, ನನ್ನ ಮುಖ ನೋಡುತ್ತಾರೆ. ಕತ್ತು ಬೆಸೆದು ಒಳಗಿಟ್ಟ ಮೇಡಮ್ಮಿನ ಪಾತ್ರೆಯ ಪಕ್ಕದಲ್ಲಿ ಹೂಜಿಯನ್ನಿಟ್ಟು ಓವನ್ನಿನ ಬಾಗಿಲು ಹಾಕಿ, ಗುಂಡಿ ತಿರುಗಿಸುತ್ತಾರೆ.

"ಬರಿಯಮ್ಮ, ಅವರೂ ಓದಲಿ. ಓದಿ ಆದ್ಮೇಲೆ, ಇಷ್ಟು ಜನರ ಪಾತ್ರೆ ಒಳಗಿರುವಾಗ ಈ ಬಾಗಿಲು ತೆಗಿಯೋ ಧೈರ್ಯ ಯಾರಿಗಿದೆಯೋ, ಅವರು ಬರಲಿ."