ನಾನು ಹೋಗದ ಕಡಲೂರು

ಲಲಿತಕ್ಕ, ನಾನು ಇಂಗ್ಲೆಂಡಿಗೆ ಹೋಗಿಯೇ ಇಲ್ಲ. ವಾಸಣ್ಣನನ್ನು ಕರೆದೂ ಇಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ — ಆಮೇಲೆ ಹೇಳೋಣ ಎಂದರೆ ನನ್ನ ಎಲುಬಿಲ್ಲದ ನಾಲಗೆ ಎಲ್ಲಿಗೋ ತಿರುಗುತ್ತದೆ. ಮಾತಿಗೆ ಕೂತರೆ ನಾನು ನಿಲ್ಲುವವಳಲ್ಲ, ನಿಮಗೇ ಗೊತ್ತಲ್ಲ.

ನಿಮ್ಮ ತಮ್ಮ ವಾಸಣ್ಣ ಹಡಗಿನಲ್ಲಿ ಅಡುಗೆಯವನಾಗಿದ್ದ. ಕಾಯಿಲೆ ಬಿದ್ದು, ಇಂಗ್ಲೆಂಡಿನ ಒಂದು ಸಣ್ಣ ಕಡಲೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಅಲ್ಲಿಯೇ ಸುಟ್ಟರು, ಬೂದಿಯನ್ನು ಅಲ್ಲಿಯದೇ ಕಡಲಿಗೆ ಬಿಟ್ಟರು. ನೀವು ಅಬುಧಾಬಿಯಲ್ಲಿ, ಎಲೆಕ್ಟ್ರಾ ಸ್ಟ್ರೀಟಿನ ಫ್ಲ್ಯಾಟಿನಲ್ಲಿ ಕೂತು ಫೋನು ಹಿಡಿದುಕೊಂಡೇ ಅತ್ತಿರಿ. ನಮ್ಮ ತುಳುವರಲ್ಲಿ ಸತ್ತವರನ್ನು ಹೆಸರು ಹಿಡಿದು ಮನೆಯೊಳಗೆ ಕರೆಯಬೇಕು. ಕರೆಯದಿದ್ದರೆ ಹೊರಗೇ ನಿಂತಿರುತ್ತಾರೆ, ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೆಂದು ಬಡಿಸಿದ ಎಲೆಗೆ ಬರುವುದಿಲ್ಲ. ಊರಿನ ಮನೆಯಲ್ಲಿ ಕರೆದಿದ್ದರು, ಆದರೆ ನಿಮಗೆ ಸಮಾಧಾನವಿರಲಿಲ್ಲ. "ಅಷ್ಟು ದೂರಕ್ಕೆ ಅವನಿಗೆ ಕೇಳ್ತದಾ ಹೇಮಾ? ಯಾರಾದ್ರೂ ಅಲ್ಲಿಗೇ ಹೋಗಿ ಕರ್ಕೊಂಡು ಬರ್ಬೇಕು," ಎನ್ನುತ್ತಿದ್ದಿರಿ.

ನಾನಾಗ ನಿಮ್ಮ ಫ್ಲ್ಯಾಟಿನ ಸಣ್ಣ ಕೋಣೆಯಲ್ಲಿ ಬಾಡಿಗೆಗಿದ್ದವಳು, ಟ್ರಾವೆಲ್ ಆಫೀಸಿನ ಕೌಂಟರಿನವಳು. ನೋಡಿ ಬಂದು ಗಿರಾಕಿಗಳಿಗೆ ಹೇಳಲಿ ಎಂದು ಆಫೀಸಿನವರು ನಮ್ಮಲ್ಲಿ ಕೆಲವರನ್ನು ಇಂಗ್ಲೆಂಡಿನ ಕಡಲೂರುಗಳಿಗೆ ಕಳಿಸುತ್ತಾರೆ, ಅದರಲ್ಲಿ ನನ್ನ ಹೆಸರೂ ಉಂಟು, ವಾಸಣ್ಣನ ಆ ಊರೂ ಉಂಟು ಎಂದು ಗೊತ್ತಾದ ಸಂಜೆ ನೀವು ನನ್ನ ಎರಡೂ ಕೈ ಹಿಡಿದುಕೊಂಡಿರಿ. "ನೀರಿನ ಹತ್ರ ನಿಂತು ಕರೆ ಮಾರಾಯ್ತಿ. 'ವಾಸು, ಬಲ, ಇಲ್ಲಡೆ ಪೋಯಿ' — ಅಷ್ಟೇ. ಮತ್ತೆ ತಿರುಗಿ ನೋಡ್ಬೇಡ. ಅವನು ನಿನ್ನ ಹಿಂದೆಯೇ ಬರ್ತಾನೆ." ಬಾ, ಮನೆಗೆ ಹೋಗೋಣ — ಇಷ್ಟೇ ನೀವು ಕೇಳಿದ್ದು.

ಹೊರಡುವ ಹಿಂದಿನ ದಿನ ವೀಸಾ ತಿರಸ್ಕಾರವಾಗಿ ಪಾಸ್‌ಪೋರ್ಟ್ ವಾಪಸು ಬಂತು. ಬ್ಯಾಗು ಕಟ್ಟಿ ಆಗಿತ್ತು. ನಿಮ್ಮ ಸ್ವೆಟರು ಅದರೊಳಗಿತ್ತು. ಇಡೀ ಬಿಲ್ಡಿಂಗಿಗೆ ನಾನೇ ಡಂಗುರ ಸಾರಿದ್ದೆ. ಹೋಗುವುದಿಲ್ಲ ಎನ್ನಲು — ಛೇ, ಆ ಎರಡು ಮಾತಿಗೆ ಬಾಯಿ ಬರಲಿಲ್ಲ. ವಿಮಾನ ದುಬೈಯಿಂದ ಎಂದು ನಿಮಗೆ ಹೇಳಿ ಬಸ್ಸು ಹತ್ತಿ, ಅಲ್ಲಿಯ ನೈಫ್ ಪೇಟೆಯಲ್ಲಿ ಗೆಳತಿ ರಮ್ಲಾಳ ಮನೆಯಲ್ಲಿ ಅಡಗಿ ಕೂತೆ. ಅವಳು ನಮ್ಮ ಕರಾವಳಿಯದೇ ಬ್ಯಾರಿ ಹುಡುಗಿ, ನೇರ ಮಾತಿನವಳು. "ಹೋಗಿ ರಿಜೆಕ್ಟ್ ಆಯ್ತು ಅಂತ ಹೇಳು, ಖಲಾಸ್. ಯಾರೂ ನಿನ್ನನ್ನು ತಿನ್ನುದಿಲ್ಲ," ಎಂದಳು. ನಾನು ಕೇಳಲಿಲ್ಲ.

ಆ ದಿನಗಳು ಈಗಲೂ ಅರೆನಿದ್ದೆಯ ಹಾಗೆ ನೆನಪಾಗುತ್ತವೆ. ಕೆಳಗೆ ಸೂಟ್‌ಕೇಸಿನ ಅಂಗಡಿಗಳ ಗಲಾಟೆ. ಮೇಲೆ ನಾನು, ಕಿಟಕಿಗೆ ಪರದೆ ಎಳೆದು, ಆ ಊರಿನ ಚಿತ್ರಗಳನ್ನು ನೋಡುತ್ತ. ಎಲ್ಲಿ ಉಳಿಯುವುದು, ಏನೇನು ಮಾಡುವುದು — ಎಲ್ಲ ಬಾಯಿಪಾಠ ಮಾಡಿಕೊಂಡೆ. ಸಂಜೆ ಅಲ್ಲೇ ದೇರಾದಲ್ಲಿ ಕಡಲ ನೀರಿನ ಬದಿಗೆ ನಡೆದು ಹೋಗುತ್ತಿದ್ದೆ. ಅಲ್ಲಿ ನಿಂತಾದರೂ ಕರೆಯಬಹುದಿತ್ತು, ನೀರು ನೀರಿಗೆ ಸೇರುತ್ತದಲ್ಲ... ಒಂದು ಸಲವೂ ವಾಸಣ್ಣನ ನೆನಪಾಗಲಿಲ್ಲ ಅಕ್ಕ. ನನ್ನ ತಲೆಯಲ್ಲಿ ನನ್ನ ಮರ್ಯಾದೆ ಒಂದೇ ಇತ್ತು.

ಅಲ್ಲಿಯದೇ ಸೂಪರ್‌ಮಾರ್ಕೆಟಿನಿಂದ ಇಂಗ್ಲಿಷ್ ಬಿಸ್ಕತ್ತು ತುಂಬಿಕೊಂಡು ವಾಪಸು ಬಂದೆ. ನೀವು ಬಾಗಿಲು ತೆಗೆದಿರಿ. ನನ್ನ ಮುಖ ನೋಡಲಿಲ್ಲ. ನನ್ನ ಹೆಗಲಿನಾಚೆ ನೋಡಿದಿರಿ. ಮತ್ತೆ ಪಕ್ಕಕ್ಕೆ ಸರಿದು, ಇಬ್ಬರು ಬರುವಷ್ಟು ಜಾಗ ಬಿಟ್ಟಿರಿ.

"ಕರೆದ್ಯಾ?"

"ಕರೆದೆ ಅಕ್ಕ."

ನೀವು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಎರಡು ಲೋಟ ನೀರು ತಂದಿರಿ. ಒಂದನ್ನು ನನ್ನ ಕೈಗೆ ಕೊಟ್ಟಿರಿ.

ಆಮೇಲಿನ ಸಂಜೆಗಳಲ್ಲಿ ಎಷ್ಟು ಹೇಳಿದೆ ನಿಮಗೆ! ಕಡಲಿಗೆ ಮುಖ ಮಾಡಿದ ಸಾಲು ಮನೆಗಳು, ಮೇಲಿನ ಕೋಣೆಯ ಹೊರಚಾಚಿದ ಕಿಟಕಿ, ಮೊಟ್ಟೆ ಹೇಗೆ ಬೇಕೆಂದು ಬೆಳಿಗ್ಗೆ ಕೇಳುವ ಮನೆಯೊಡತಿ. ನೀರಿನೊಳಗೆ ದೂರದವರೆಗೆ ಹೋಗುವ ಮರದ ಸೇತುವೆ, ಅದರ ತುದಿಯಲ್ಲಿ ಆಟದ ಯಂತ್ರಗಳು. ಮಕ್ಕಳನ್ನು ಹೊತ್ತು ಮರಳಿನಲ್ಲಿ ನಡೆಯುವ ಕತ್ತೆಗಳು. ಬಣ್ಣದ ಗೂಡಂಗಡಿಯ ಹಾಗಿರುವ ಮರದ ಮನೆಗಳ ಮುಂದೆ ಕೂತು, ಕೋಟು ಬಿಚ್ಚದೆ ಚಹಾ ಕುಡಿಯುವ ಮುದುಕರು. ಮೀನು ಹುರಿದು ಆಲೂಗಡ್ಡೆಯ ಜೊತೆ ಕೊಡುತ್ತಾರೆ, ತಿನ್ನುವಾಗ ಕಡಲಹಕ್ಕಿ ಎಗರಿಸಿಕೊಂಡು ಹೋಗುತ್ತದೆ ಎಂದರೆ ನೀವು ನಗುತ್ತಿದ್ದಿರಿ. "ನಮ್ಮ ಕಾಗೆಯ ಹಾಗೆ! ಮಸಾಲೆ ಹಾಕುದಿಲ್ವಾ ಪಾಪ?" ಇಳಿತದಲ್ಲಿ ನೀರು ಎಷ್ಟೋ ದೂರ ಸರಿದು, ಒದ್ದೆ ಮರಳಿನಲ್ಲಿ ಆಕಾಶವೇ ಬಿದ್ದುಕೊಂಡಿರುತ್ತದೆ ಎಂದಾಗ ಮಾತ್ರ ನಗಲಿಲ್ಲ. "ಒಳ್ಳೆ ಜಾಗವೇ ಸಿಕ್ಕಿದೆ ಅವನಿಗೆ," ಎಂದಿರಿ. ಹೇಳುತ್ತ ಹೇಳುತ್ತ ನಾನೂ ನಂಬಿದೆ. ಈಗಲೂ ಕನಸಿನಲ್ಲಿ ಅಲ್ಲಿ ನಡೆಯುತ್ತೇನೆ, ಕಾಲಿಗೆ ಮರಳು ತಣ್ಣಗಾಗುತ್ತದೆ. ಕೌಂಟರಿಗೆ ಬಂದವರಿಗೆ ಸೇತುವೆಯ ಹತ್ತಿರದ ಮನೆಯಲ್ಲೇ ಉಳಿಯಿರಿ ಎನ್ನುತ್ತಿದ್ದೆ. ಹೋಗಿ ಬಂದವರು "ನೀವು ಹೇಳಿದ ಹಾಗೆಯೇ ಉಂಟು" ಎಂದು ಮೆಚ್ಚಿಕೊಳ್ಳುತ್ತಿದ್ದರು.

ಪ್ರತಿ ಆಟಿಗೆ ನೀವು ಎಲೆ ಬಡಿಸಿದಿರಿ. ಕೋರಿರೊಟ್ಟಿ, ಬಂಗುಡೆ ಗಸಿ — ಅಲ್ ಮೀನಾದ ಮೀನು ಮಾರ್ಕೆಟಿಗೆ ನೀವೇ ಹೋಗಿ ಆರಿಸಿ ತರುತ್ತಿದ್ದಿರಿ. ನಾನು ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ ಆ ದಿನ ಬರಲೇಬೇಕೆಂದು ಫೋನು ಮಾಡುತ್ತಿದ್ದಿರಿ. ಬಂದು, ಆ ಎಲೆಯದನ್ನೇ ಪ್ರಸಾದವೆಂದು ತಿಂದು ಹೋಗುತ್ತಿದ್ದೆ. ಗಂಟಲಲ್ಲಿ ಸಿಕ್ಕಿಕೊಳ್ಳಲೂ ಇಲ್ಲ, ನಾಚಿಕೆಗೇಡು.

ಕಳೆದ ವರ್ಷ ನಿಮಗೆ ಮೊಣಕಾಲು ನೋವು, ಬಗ್ಗಲು ಆಗುತ್ತಿರಲಿಲ್ಲ. "ನೀನೇ ಬಡಿಸು ಹೇಮಾ. ನಿನ್ನೊಟ್ಟಿಗೆ ಬಂದವನಲ್ವಾ," ಎಂದಿರಿ. ಬಡಿಸಿದೆ. ಸತ್ತವರು ಉಣ್ಣಲಿ ಎಂದು ಕೋಣೆಯ ಬಾಗಿಲು ಎಳೆದುಕೊಂಡು ಇಬ್ಬರೂ ಹೊರಗೆ ಕೂತೆವು. ನೀವು ಬಾಗಿಲಿಗೆ ಕಿವಿಯಿಟ್ಟು ಮೆಲ್ಲಗೆ, "ಮೊದಲೇ ನಿಧಾನ ಅವನದ್ದು ಊಟ. ಸ್ವಲ್ಪ ಇರುವ," ಎಂದಿರಿ. ಆಗ ಹೇಳಬೇಕಿತ್ತು. ಹೇಳಲಿಲ್ಲ. ನಿಮ್ಮ ಮುಖದಲ್ಲಿ ಅಷ್ಟು ಸಂತೋಷ...

ಈ ವರ್ಷದ ಆಟಿ ಹತ್ತಿರ ಬಂತು. ನೀವು ಮಾರ್ಕೆಟಿಗೆ ಹೊರಡುವ ಮೊದಲೇ ಬಂದು, ನಿಮ್ಮ ಎದುರು ಕೂತು ಈ ಬರೆದದ್ದನ್ನು ಓದುತ್ತೇನೆ. ಹೊರಗೆ ಹೋಗು ಎಂದರೆ ಹೋಗುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಅದು ನನ್ನ ಬಾಯಿಗೆ ಒಪ್ಪುವ ಮಾತಲ್ಲ. ಆದರೆ ಇನ್ನೊಂದು ಸಲ ನೀವು ಆ ಬಾಗಿಲಿಗೆ ಕಿವಿಯಿಡುವುದನ್ನು ನೋಡಲಾರೆ. ಒಳಗೆ ಯಾರೂ ಇಲ್ಲ ಅಕ್ಕ. ನಿಮ್ಮ ತಮ್ಮ ಅಲ್ಲೇ ಇದ್ದಾನೆ, ಆ ಚಳಿಯಲ್ಲಿ, ಯಾರಾದರೂ ತುಳುವಿನಲ್ಲಿ ಕರೆದಾರೆಂದು ಇನ್ನೂ ನಿಂತಿದ್ದಾನೆ. ನಿಲ್ಲಿಸಿದವಳು ನಾನು.